ಡಿಮೆನ್ಷಿಯಾ ಇದ್ದವರಿಗೆ ಏನು ಕೆಲಸ ಕೊಡಬಹುದು? ಬಣ್ಣದ ಪುಸ್ತಕ, ಆಲ್ಬಮ್, ಭಜನೆ, ಅಡಿಕೆ

ಕಾಸರಗೋಡಿನ ಬದಿಯಡ್ಕ ಕಡೆಯ ಒಂದು ವೃದ್ಧಾಶ್ರಮದಲ್ಲಿ ನಮ್ಮ ದೊಡ್ಡಮ್ಮ ಇದ್ದಾರೆ. ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ. ಹೋದಾಗಲೆಲ್ಲ ಅವರಿಗೂ ಪಕ್ಕದಲ್ಲಿ ಕೂತವರಿಗೂ ಏನಾದರೊಂದು ಕೊಟ್ಟು ನೋಡುತ್ತೇನೆ.

ಟಿವಿ ಬಗ್ಗೆ ಹೇಳುವುದಕ್ಕೆ ಜಾಸ್ತಿ ಇಲ್ಲ. ಮಲಯಾಳಂ ಧಾರಾವಾಹಿ ಓಡುತ್ತಿರುತ್ತದೆ, ಅರ್ಧ ಜನಕ್ಕೆ ನಿದ್ದೆ. ಅದರಲ್ಲಿ ಯಾರಾದರೂ ಕಿರುಚಿದರೆ ಇಲ್ಲಿ ಒಬ್ಬರಿಗೆ ಗಾಬರಿ.

ಬಣ್ಣ ತುಂಬುವ ಪುಸ್ತಕ ಸೋತಿತು. ಮಕ್ಕಳದ್ದು ಅಂತ ಅವರಿಗೆ ಗೊತ್ತಾಗುತ್ತದೆ! ನಿವೃತ್ತ ಮಾಷ್ಟ್ರೊಬ್ಬರು ಮಾತ್ರ ಕೆಂಪು ಕ್ರಯಾನ್ ಹಿಡಿದು, ಬೇರೆಯವರು ಬಣ್ಣ ಹಚ್ಚಿದ ಹಾಳೆಗೆಲ್ಲ ಮಾರ್ಕು ಹಾಕಿದರು. ಈಗ ಅವರಿಗೆ ಮಕ್ಕಳ ಹಳೇ ನೋಟ್‌ಬುಕ್ ಕೊಡುತ್ತೇವೆ, ತಿದ್ದುತ್ತಾ ಕೂರುತ್ತಾರೆ.

ಫೋಟೊ ಆಲ್ಬಮ್ ಒಳ್ಳೆಯದೇ, ಆದರೆ ನಾವೇ ಕೆಡಿಸುತ್ತೇವೆ. 'ಇದು ಯಾರು ಹೇಳಿ' ಅಂದರೆ ಅದು ಪರೀಕ್ಷೆ. 'ಇದು ನಿಮ್ಮ ತಮ್ಮ, ತೋಟದಲ್ಲಿ ತೆಗೆದದ್ದು' ಅಂತ ನಾವೇ ಶುರು ಮಾಡಿದರೆ ಮಾತು ಬರುತ್ತದೆ.

ಭಜನೆಗೆ ಎಲ್ಲರೂ ಸೇರುತ್ತಾರೆ. ಮಾತೇ ಆಡದವರು ಕೂಡ ತಾಳ ಹಾಕುತ್ತಾರೆ. ಸಂಜೆಯಾಗುತ್ತಾ ಕೆಲವರಿಗೆ 'ಮನೆಗೆ ಹೋಗಬೇಕು' ಅನ್ನುವ ಚಡಪಡಿಕೆ ಏರುತ್ತದಲ್ಲ, ಆ ಹೊತ್ತಿಗೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಮೈಕು ಮಾತ್ರ ಬೇಡ.

ಬೆಳಗ್ಗೆಗಾದರೆ ನನ್ನ ಓಟು ಕೈಕೆಲಸಕ್ಕೆ. ಡಿಮೆನ್ಷಿಯಾದ ಅತಿ ಸಾಮಾನ್ಯ ಬಗೆಯಾದ ಆಲ್‌ಝೈಮರ್ಸ್‌ನಲ್ಲಿ ಹೊಸದನ್ನು ನೆನಪಿಡುವ ಶಕ್ತಿ ಮೊದಲೇ ಹೋಗುತ್ತದೆ, ಕೈಗೆ ರೂಢಿಯಾದದ್ದು ತುಂಬ ಕಾಲ ಉಳಿಯುತ್ತದೆ. ಅಮೆರಿಕದ ಮನೋವಿಜ್ಞಾನಿ ಕ್ಯಾಮರಾನ್ ಕ್ಯಾಂಪ್ 1990ರ ದಶಕದಲ್ಲಿ ಮಕ್ಕಳಿಗೆ ಕೈಯಾರೆ ಮಾಡಿಸಿ ಕಲಿಸುವ ಮಾಂಟೆಸ್ಸೊರಿ ಪದ್ಧತಿಯನ್ನು ಇಂಥವರಿಗೆ ಹೊಂದಿಸಿದ್ದೂ ಇದೇ ನಂಬಿಕೆಯ ಮೇಲೆ. ನಮ್ಮೂರಲ್ಲಿ ಅದಕ್ಕೆ ಸಾಮಾನು ಖರೀದಿಸಬೇಕಾಗಿಲ್ಲ. ದೊಡ್ಡಮ್ಮನ ಮುಂದೆ ಅಬ್ಬಲಿಗೆ ಹೂವು, ಒದ್ದೆ ಬಾಳೆನಾರು ಇಟ್ಟರೆ ಸಾಕು. ನನ್ನ ಹೆಸರು ನೆನಪಿಲ್ಲದವರು, ನಾನು ಕಟ್ಟಿದ್ದನ್ನು ನೋಡಿ 'ಸಡಿಲ ಆಯಿತು' ಅಂತ ಬಿಚ್ಚಿ ಕಟ್ಟುತ್ತಾರೆ. ತೋಟದ ಅಜ್ಜನೊಬ್ಬರಿಗೆ ಸುಲಿದ ಅಡಿಕೆ ಕೊಟ್ಟೆವು. ಒಳ್ಳೆಯದು ಒಂದು ಕಡೆ, ಕಡಿಮೆ ದರ್ಜೆಯ ಪಟೋರ ಒಂದು ಕಡೆ, ಅದಕ್ಕಿಂತಲೂ ಕಡಿಮೆಯ ಕೋಕ ಇನ್ನೊಂದು ಕಡೆ, ತಪ್ಪೇ ಇಲ್ಲ. ಜೊತೆಗೆ ರೇಟು ಕೇಳಿ ನಮಗೆ ಬೈಗುಳ ಬೇರೆ.

ತೊಂದರೆ ಒಂದಿದೆ. ಅಡಿಕೆ ಕಂಡರೆ ಬಾಯಿಗೆ ಹಾಕುವ ಅಭ್ಯಾಸ ಇಲ್ಲಿ ಯಾರಿಗಿಲ್ಲ ಹೇಳಿ? ಗಂಟಲಲ್ಲಿ ಸಿಕ್ಕಿದರೆ ಕಷ್ಟ, ಹಾಗಾಗಿ ಒಬ್ಬರು ಪಕ್ಕದಲ್ಲೇ ಕೂರಬೇಕು. ಆಳು ಕಡಿಮೆ ಇದ್ದ ದಿನ ಒಗೆದ ಬೈರಾಸು (ಟವೆಲ್) ಮಡಚಲು ಕೊಡಿ. ಸೊಟ್ಟ ಆದರೂ ಅವರ ಕಣ್ಣೆದುರು ಮತ್ತೆ ಮಡಚಬೇಡಿ, ಹಾಗೇ ಕಪಾಟಿಗೆ ಹೋಗಲಿ.