ಐಐಎಂ ಸೀಟಿಗೆ ‘ಚಾನ್ಸ್ ಎಷ್ಟು’ ಅಂತ ಹೇಳುವವರಿಗೆ ದುಡ್ಡು ಕೊಡುವ ಮುಂಚೆ

ಬಿ.ಇ. ಮುಗಿಸಿ ಕೆಲಸದಲ್ಲಿರುವ, ಸಾಮಾನ್ಯ ವರ್ಗದ ಒಬ್ಬ ಹುಡುಗ ಕೋಚಿಂಗ್ ಸೆಂಟರ್ ಒಂದರಲ್ಲಿ ದುಡ್ಡು ಕೊಟ್ಟು ‘ಪ್ರೊಫೈಲ್ ಇವ್ಯಾಲ್ಯುಯೇಷನ್’ ಮಾಡಿಸಿದ. ಸೆಪ್ಟೆಂಬರಿನಲ್ಲಿ ಕೈಗೆ ಬಂದ ವರದಿಯಲ್ಲಿ ಎಂಬಿಎ ಓದಿಸುವ ಐಐಎಂಗಳ ಪೈಕಿ ಅಹಮದಾಬಾದಿಗೆ ಶೇ. 60, ಬೆಂಗಳೂರಿಗೆ ಶೇ. 70, ಕಲ್ಕತ್ತಾಗೆ ಶೇ. 65 ಅವಕಾಶ ಅಂತಿತ್ತು. ಕೆಳಗೆ ದಪ್ಪ ಅಕ್ಷರದಲ್ಲಿ ‘ಈ ಮೂರರಲ್ಲಿ ಒಂದಾದರೂ ಸಿಗುವ ಸಾಧ್ಯತೆ ಶೇ. 96’. ಉಳಿದ ಐಐಎಂಗಳು ನಿನಗೆ ಬೇಡ, ಐಐಎಂಗಳ ಪ್ರವೇಶ ಪರೀಕ್ಷೆಯಾದ ಕ್ಯಾಟ್‌ನ ಅರ್ಜಿಯಲ್ಲಿ ಈ ಮೂರಕ್ಕೆ ಮಾತ್ರ ಟಿಕ್ ಮಾಡು, ಎಕ್ಸ್ಎಟಿ (ಬೇರೆ ಎಂಬಿಎ ಸಂಸ್ಥೆಗಳ ಪ್ರವೇಶ ಪರೀಕ್ಷೆ) ಕಟ್ಟಿ ಗಮನ ಚದುರಗೊಡಬೇಡ ಅಂತ ಸಲಹೆಯನ್ನೂ ಕೊಟ್ಟರು. ಹುಡುಗ ನಂಬಿದ. ಫಲಿತಾಂಶದಲ್ಲಿ 97.9 ಪರ್ಸೆಂಟೈಲ್ ಬಂತು (ಅಂದರೆ ಬರೆದವರಲ್ಲಿ ಶೇ. 97.9 ಜನರಿಗಿಂತ ಮುಂದೆ), ಒಂದೂ ಕಾಲ್, ಅಂದರೆ ಸಂದರ್ಶನದ ಕರೆ, ಬರಲಿಲ್ಲ. ಆ ಅಂಕಕ್ಕೆ ಹೊಸ ಐಐಎಂಗಳನ್ನು ಗಂಭೀರವಾಗಿ ಪ್ರಯತ್ನಿಸಬಹುದಿತ್ತು. ಆದರೆ ಅರ್ಜಿಯಲ್ಲಿ ಅವುಗಳಿಗೆ ಟಿಕ್ಕೇ ಹಾಕಿರಲಿಲ್ಲ, ಎಕ್ಸ್ಎಟಿ ನೋಂದಣಿಯೂ ಅಷ್ಟರಲ್ಲಿ ಮುಗಿದಿತ್ತು. ಒಂದು ವರ್ಷ ಹೋಯಿತು.

ಆ ವರದಿ ಎಲ್ಲೆಲ್ಲಿ ತಪ್ಪಿತ್ತು ಅನ್ನುವುದನ್ನು ಬಿಡಿಸಿ ಹೇಳುತ್ತೇವೆ. ಬೇರೆ ಕಡೆ ಕೊಡುವ ವರದಿಗಳಲ್ಲೂ ಇವೇ ತಪ್ಪುಗಳಿರುತ್ತವೆ.

ಮೊದಲನೆಯದು ಪಿಯುಸಿ ಅಂಕ. ಸೆಂಟರಿನ ಫಾರ್ಮಿನಲ್ಲಿ ‘ಪಿಸಿಎಂ ಶೇಕಡಾ’ ಅಂತ ಕೇಳಿದ್ದರು. ಹುಡುಗನಿಗೆ ಫಿಸಿಕ್ಸ್ 84, ಕೆಮಿಸ್ಟ್ರಿ 82, ಗಣಿತ 92 ಬಂದಿತ್ತು, ಅಂದರೆ ಶೇ. 86. ಆದರೆ ಐಐಎಂ ಅಹಮದಾಬಾದ್ ನೋಡುವುದು ಅಂಕಪಟ್ಟಿಯಲ್ಲಿರುವ ಎಲ್ಲ ವಿಷಯಗಳನ್ನು. ಭಾಷೆಗಳ 70 ಮತ್ತು 76, ಕಂಪ್ಯೂಟರ್ ಸೈನ್ಸಿನ 72 ಸೇರಿಸಿದರೆ 600ಕ್ಕೆ 476, ಅಂದರೆ ಶೇ. 79.33. ಆರೇಳು ಪರ್ಸೆಂಟ್ ವ್ಯತ್ಯಾಸ ತಾನೇ ಅನ್ನಬೇಡಿ. ಅವರ ಅರ್ಜಿ ರೇಟಿಂಗ್ (ಹಳೆಯ ಅಂಕ, ಅನುಭವ ನೋಡಿ ಅರ್ಜಿಗೆ ಕೊಡುವ ಅಂಕ) ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ವಿಜ್ಞಾನ ವಿಭಾಗದಲ್ಲಿ 70 ದಾಟಿ 80ರವರೆಗೆ 5 ಅಂಕ, 80 ದಾಟಿ 90ರವರೆಗೆ 8, 90 ದಾಟಿದರೆ 10. ಎಂಬತ್ತಕ್ಕೆ ಮುಕ್ಕಾಲು ಪರ್ಸೆಂಟೂ ಕಡಿಮೆ ಇಲ್ಲದ ಈ ಹುಡುಗ 3 ಅಂಕ ಕಳೆದುಕೊಂಡಿದ್ದ. ವರದಿಯಲ್ಲಿ ಮಾತ್ರ ಅವನಿಗೆ 8 ಸಿಕ್ಕಿತ್ತು.

ಕೆಲಸದ ಅನುಭವದ ಲೆಕ್ಕವೂ ಹೀಗೇ. ಅಹಮದಾಬಾದ್ ಎಣಿಸುವುದು ಕ್ಯಾಟ್ ನಡೆಯುವ ವರ್ಷದ ಜುಲೈ 31ರವರೆಗೆ ತುಂಬಿದ ತಿಂಗಳುಗಳನ್ನು, ಅದೂ ಪದವಿ ನಂತರದ ಪೂರ್ಣಾವಧಿ ಕೆಲಸ ಮಾತ್ರ. 12ರಿಂದ 36 ತಿಂಗಳವರೆಗೆ ಸೂತ್ರ ಸರಳ: ತಿಂಗಳುಗಳಲ್ಲಿ 11 ಕಳೆದು 0.2ರಿಂದ ಗುಣಿಸಬೇಕು. ಹುಡುಗನಿಗೆ ಆಗಿದ್ದು 23 ತಿಂಗಳು, ಅಂದರೆ 2.4 ಅಂಕ. ಸೆಂಟರಿನವರು ಮುಂದಿನ ಜೂನಿನಲ್ಲಿ ಕೋರ್ಸ್ ಸೇರುವವರೆಗೆ ಎಣಿಸಿ 34 ತಿಂಗಳು ಮಾಡಿ 4.6 ಕೊಟ್ಟಿದ್ದರು. ಇಂಟರ್ನ್‌ಶಿಪ್ಪನ್ನೂ ಸೇರಿಸಿ ಹೇಳುವವರಿದ್ದಾರೆ, ಅದು ಲೆಕ್ಕಕ್ಕೇ ಬರುವುದಿಲ್ಲ.

ಬೆಂಗಳೂರಿನ ವಿಷಯ ಇನ್ನೂ ಸೂಕ್ಷ್ಮ. ಐಐಎಂಬಿಯವರು ಹತ್ತನೇ ತರಗತಿ ಮತ್ತು ಪಿಯುಸಿ ಅಂಕಗಳನ್ನು ಹಾಗೇ ತೆಗೆದುಕೊಳ್ಳುವುದಿಲ್ಲ. ನಿಮ್ಮ ಬೋರ್ಡಿನ 90ನೇ ಪರ್ಸೆಂಟೈಲ್ ಅಂಕದಿಂದ ಭಾಗಿಸಿ ಹೊಂದಿಸುತ್ತಾರೆ. ಹಾಗಾಗಿ ಒಂದೇ ಶೇ. 88 ಬೇರೆ ಬೇರೆ ಬೋರ್ಡಿನವರಿಗೆ ಬೇರೆ ಬೇರೆ ಬೆಲೆ ಬಾಳುತ್ತದೆ. ಪದವಿಯ ಅಂಕಕ್ಕೂ ಆಯಾ ಓದಿನ ಶಾಖೆಯ ಪ್ರಕಾರ ಹೊಂದಾಣಿಕೆ ಇದೆ. ಈ ಸೆಂಟರಿನ ಫಾರ್ಮಿನಲ್ಲಿ ಬೋರ್ಡ್ ಯಾವುದು ಅಂತ ಕೇಳಿಯೇ ಇರಲಿಲ್ಲ. ಬೋರ್ಡ್ ಗೊತ್ತಿಲ್ಲದೆ ಬೆಂಗಳೂರಿನ ಲೆಕ್ಕ ಹಾಕಲು ಸಾಧ್ಯವೇ ಇಲ್ಲ. ಶೇ. 70 ಅನ್ನುವ ಅಂಕಿ ಎಲ್ಲಿಂದ ಬಂತು? ಪ್ರಕಟಿತ ಕನಿಷ್ಠ ಪರ್ಸೆಂಟೈಲಿನಿಂದ. ಸಾಮಾನ್ಯ ವರ್ಗಕ್ಕೆ ಐಐಎಂಬಿ ಹಲವು ವರ್ಷ ಹೇಳಿದ ಒಟ್ಟು ಕನಿಷ್ಠ 85. ಅದನ್ನು ದಾಟಿದವರ ಅರ್ಜಿಯನ್ನು ಪರಿಗಣಿಸುತ್ತಾರೆ, ಅಷ್ಟೇ. ಕಾಲ್ ಬರುವ ಮಟ್ಟ ಅದಕ್ಕಿಂತ ಬಹಳ ಮೇಲಿರುತ್ತದೆ, ಸಾಮಾನ್ಯ ವರ್ಗದ ಇಂಜಿನಿಯರ್‌ಗಳಿಗಂತೂ 99ರ ಆಚೆಗೇ ಪೈಪೋಟಿ. ವಿಭಾಗವಾರು ಕನಿಷ್ಠವೂ ಇದೆ. ಒಟ್ಟು 99 ಬಂದರೂ ಡಿಐಎಲ್ಆರ್ (ದತ್ತಾಂಶ ಮತ್ತು ತರ್ಕದ ವಿಭಾಗ) ಒಂದರಲ್ಲಿ ಆ ಗೆರೆ ದಾಟದಿದ್ದರೆ ಅಲ್ಲಿಗೇ ಮುಗಿಯಿತು.

ಇಷ್ಟೆಲ್ಲದರ ಬುಡದಲ್ಲಿ ಇದ್ದದ್ದು ಸೆಂಟರಿನ ಮಾಕ್ (ಅಣಕು) ಪರೀಕ್ಷೆಯಲ್ಲಿ ಹುಡುಗನಿಗೆ ಬಂದಿದ್ದ 98.7 ಪರ್ಸೆಂಟೈಲ್. ಅದು ಆ ಸೆಂಟರಿನ ಮಾಕ್ ಬರೆದವರ ನಡುವಿನ ಸ್ಥಾನ, ಕ್ಯಾಟ್‌ನದ್ದಲ್ಲ. ಅರ್ಧಕ್ಕರ್ಧ ಜನ ಓದದೇ ಸುಮ್ಮನೆ ಬರೆಯುವ ಮಾಕ್‌ಗಳೂ ಇವೆ, ತಯಾರಾದವರೇ ಬರೆಯುವ ಮಾಕ್‌ಗಳೂ ಇವೆ. 98.7 ಮತ್ತು 97.9ರ ಅಂತರ ಕಣ್ಣಿಗೆ ಚಿಕ್ಕದು. ಆದರೆ 2024ರಲ್ಲಿ ಕ್ಯಾಟ್ ಬರೆದವರು ಸುಮಾರು 2.93 ಲಕ್ಷ. ಆ ಲೆಕ್ಕದಲ್ಲಿ ಈ 0.8ರ ನಡುವೆ ಸುಮಾರು 2,300 ಜನ ನಿಂತಿರುತ್ತಾರೆ.

ಇನ್ನು ಆ ಶೇ. 96. ಮೂರೂ ಕಡೆ ಸಿಗದಿರುವ ಸಾಧ್ಯತೆ 0.40, 0.30, 0.35. ಮೂರನ್ನೂ ಗುಣಿಸಿದರೆ 0.042, ಒಂದರಿಂದ ಕಳೆದರೆ ಸುಮಾರು 0.96. ಗುಣಾಕಾರ ಸರಿ ಇದೆ, ಬಳಸಿದ ಜಾಗ ತಪ್ಪು. ಮೂರು ಸಂಸ್ಥೆಗಳ ನಿರ್ಧಾರಗಳಿಗೂ ಒಂದಕ್ಕೊಂದು ಸಂಬಂಧವೇ ಇಲ್ಲದಿದ್ದರೆ ಮಾತ್ರ ಹೀಗೆ ಗುಣಿಸಬಹುದು. ಇಲ್ಲಿ ಮೂರೂ ಕಡೆ ಅದೇ ಕ್ಯಾಟ್ ಅಂಕ, ಅದೇ ಹಳೆಯ ಅಂಕಪಟ್ಟಿಗಳು. ಒಂದು ಕಡೆ ಬಿದ್ದವರು ಅದೇ ಕಾರಣಕ್ಕೆ ಮಿಕ್ಕ ಎರಡು ಕಡೆಯೂ ಬೀಳುವ ಸಂಭವ ಹೆಚ್ಚು. ಹೆಚ್ಚು ಹೆಸರು ಸೇರಿಸಿದಷ್ಟೂ ಈ ಅಂಕಿ 100ರ ಹತ್ತಿರ ಹೋಗುತ್ತದೆ, ಓದುವ ಅಪ್ಪ ಅಮ್ಮನಿಗೆ ಧೈರ್ಯ ಬರುತ್ತದೆ, ಸಂದರ್ಶನ ತರಬೇತಿಯ ಪ್ಯಾಕೇಜಿಗೂ ಆಗಲೇ ದುಡ್ಡು ಕಟ್ಟುತ್ತಾರೆ. ನಮಗೆ ಅತಿ ಕೆಟ್ಟದಾಗಿ ಕಂಡದ್ದು ಇದೇ.

ಜತೆಗೆ ‘ಸಿಗುವ ಸಾಧ್ಯತೆ’ ಅಂದರೆ ಕಾಲೋ ಸೀಟೋ ಅನ್ನುವುದನ್ನು ವರದಿ ಎಲ್ಲೂ ಹೇಳಿರಲಿಲ್ಲ. ಕಾಲ್ ಬಂದ ಮೇಲೂ ಸಂದರ್ಶನದ ತೂಕ ದೊಡ್ಡದು. ಎರಡನ್ನೂ ಬೇರೆ ಬೇರೆ ಬರೆದುಕೊಡದ ವರದಿಯನ್ನು ವಾಪಸ್ ಕೊಟ್ಟುಬಿಡಿ.

ಈ ಲೆಕ್ಕಕ್ಕೆ ಯಾರೂ ಬೇಕಾಗಿಲ್ಲ. ಪ್ರತಿ ಐಐಎಂ ತನ್ನ ಆ ವರ್ಷದ ಪ್ರವೇಶ ನೀತಿಯನ್ನು ಜಾಲತಾಣದಲ್ಲಿ ಹಾಕುತ್ತದೆ. ತೂಕಗಳು ವರ್ಷ ವರ್ಷ ಬದಲಾಗುತ್ತವೆ, ಹಳೆಯ ಪಿಡಿಎಫ್ ನೋಡಬೇಡಿ. ಎಸ್ಎಸ್ಎಲ್‌ಸಿ 625ಕ್ಕೆ, ಪಿಯುಸಿ 600ಕ್ಕೆ ಎಷ್ಟು ಬಂತೋ ಅದನ್ನೇ ಬರೆಯಿರಿ. ಸಿಜಿಪಿಎಯನ್ನು ಶೇಕಡಾಕ್ಕೆ ತಿರುಗಿಸಲು ನಿಮ್ಮ ವಿಶ್ವವಿದ್ಯಾಲಯದ ಸೂತ್ರವನ್ನೇ ಬಳಸಿ. ಅಂಥ ಸೂತ್ರವೇ ಇಲ್ಲ ಅಂತ ವಿಶ್ವವಿದ್ಯಾಲಯ ಹೇಳಿದರೆ ಮಾತ್ರ ಗರಿಷ್ಠ ಸಿಜಿಪಿಎಯಿಂದ ಭಾಗಿಸಿ 100ರಿಂದ ಗುಣಿಸುವುದು. ಆಮೇಲೆ ಕ್ಯಾಟ್ 97, 98.5, 99.5 ಬಂದರೆ ಏನಾಗುತ್ತದೆ ಅಂತ ಮೂರು ಸಾಲು ಹಾಕಿ ನೋಡಿ, 97ರ ಸಾಲನ್ನೇ ನಂಬಿ ಅರ್ಜಿ ತುಂಬಿ. ಓದಲು ಮನಸ್ಸಿರುವ ಎಲ್ಲ ಐಐಎಂಗಳಿಗೂ ಟಿಕ್ ಹಾಕಿ. ಐಐಎಂ ಅಲ್ಲದ ಸಂಸ್ಥೆಗಳಿಗೆ ಪ್ರತ್ಯೇಕ ಅರ್ಜಿ ಬೇಕು, ಕೆಲವುಗಳ ಕೊನೆಯ ದಿನ ಕ್ಯಾಟ್ ಫಲಿತಾಂಶಕ್ಕೆ ಮುಂಚೆಯೇ ಇರುತ್ತದೆ.

ಮೀಸಲಾತಿ ಇರುವವರು ಇದನ್ನು ಎರಡು ಸಲ ಓದಿ. ನಮ್ಮ ರಾಜ್ಯದ 2ಎ, 3ಎ, 3ಬಿ ಪ್ರಮಾಣಪತ್ರ ಐಐಎಂನಲ್ಲಿ ನಡೆಯುವುದಿಲ್ಲ. ಅಲ್ಲಿ ಬೇಕಾದದ್ದು ಕೇಂದ್ರದ ಒಬಿಸಿ ಪಟ್ಟಿಯಲ್ಲಿ ನಿಮ್ಮ ಜಾತಿ ಇರುವುದು ಮತ್ತು ಕೇಂದ್ರದ ನಮೂನೆಯಲ್ಲಿ ಪಡೆದ ಕೆನೆಪದರ-ರಹಿತ ಪ್ರಮಾಣಪತ್ರ. ರಾಜ್ಯದ ಪಟ್ಟಿಯಲ್ಲಿದ್ದು ಕೇಂದ್ರದ ಪಟ್ಟಿಯಲ್ಲಿ ಇಲ್ಲದ ಜಾತಿಗಳಿವೆ. ನೋಂದಣಿ ಮುಗಿದ ಮೇಲೆ ವರ್ಗ ಬದಲಿಸಲು ಬಿಡುವುದಿಲ್ಲ. ಮೊದಲು ತಹಶೀಲ್ದಾರ್ ಕಚೇರಿಯ ಕೆಲಸ ಮುಗಿಸಿಕೊಂಡೇ ಅರ್ಜಿ ತುಂಬಿ.

ಈಗಾಗಲೇ ದುಡ್ಡು ಕಟ್ಟಿದವರು ವರದಿ, ರಸೀದಿ, ವಾಟ್ಸಾಪ್ ಮಾತುಕತೆ ಎಲ್ಲ ಇಟ್ಟುಕೊಳ್ಳಿ. ಆಯ್ಕೆ ಖಚಿತ ಅಂತ ಕೋಚಿಂಗ್ ಸಂಸ್ಥೆಗಳು ಜಾಹೀರಾತು ಕೊಡುವುದನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ನವೆಂಬರ್ 2024ರ ಮಾರ್ಗಸೂಚಿಯಲ್ಲಿ ನಿಷೇಧಿಸಿದೆ. ಮೊದಲು ಸೆಂಟರಿಗೆ ಲಿಖಿತವಾಗಿ ಹಣ ವಾಪಸ್ ಕೇಳಿ, ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ.