ಹಳೇ ಆಲ್ಟೋಗೆ ಹಾಕಿಸಿದ ಫ್ಯೂಯೆಲ್ ಪಂಪ್: ಹದಿನಾಲ್ಕು ತಿಂಗಳು ಸದ್ದು ಕೇಳಿದ ಮೇಲೆ

ಬೆಳಿಗ್ಗೆ ಏಳೂಕಾಲಿಗೆ ಶೆಡ್ಡಿನಲ್ಲಿ ಕಾರಿನ ಕೀಲಿ ತಿರುಗಿಸಿದರೆ, ಇಂಜಿನ್ ಚಾಲೂ ಆಗುವ ಮೊದಲೇ ಹಿಂದಿನ ಸೀಟಿನ ಕೆಳಗಿಂದ ಎರಡು ಸೆಕೆಂಡು ‘ಗುಂಯ್’ ಅಂತ ಒಂದು ಸದ್ದು ಬಂದು ನಿಲ್ಲುತ್ತದೆ. ಟ್ಯಾಂಕಿನೊಳಗೆ ಪೆಟ್ರೋಲಿನಲ್ಲೇ ಮುಳುಗಿ ಕೂತಿರುವ ಪಂಪು ಪೈಪಿಗೆ ಒತ್ತಡ ತುಂಬುವ ಸದ್ದು ಅದು. ನಮ್ಮದು 2007ರ ಆಲ್ಟೋ, ಮಾವ ಕೊಂಡಿದ್ದು. ನನಗೆ ಡ್ರೈವಿಂಗ್ ಕಲಿಸುವಾಗ ಅವರು ಹೇಳಿಕೊಟ್ಟ ಮೊದಲ ಮಾತೇ "ಆ ಸದ್ದು ನಿಂತ ಮೇಲೆ ಸೆಲ್ಫ್ ಹೊಡಿಯಮ್ಮ" ಅಂತ. ಹನ್ನೆರಡು ವರ್ಷದಿಂದ ಹಾಗೇ ಮಾಡುತ್ತಿದ್ದೇನೆ. ಟಿಫಿನ್ ಡಬ್ಬಿ ಪಕ್ಕದ ಸೀಟಿನಲ್ಲಿಟ್ಟು, ಕೀಲಿ ತಿರುಗಿಸಿ, ವೈಪರ್‌ನಿಂದ ಗಾಜಿನ ಇಬ್ಬನಿಯನ್ನು ಒಂದು ಸಲ ಒರೆಸುವಷ್ಟರಲ್ಲಿ ಸದ್ದು ಮುಗಿದಿರುತ್ತದೆ. ಆಮೇಲೆ ಸ್ಟಾರ್ಟ್. ಆಲ್ದೂರಿನಿಂದ ಚಿಕ್ಕಮಗಳೂರಿನ ನನ್ನ ಶಾಲೆಗೆ ಹೋಗಿ ಬರಲು ದಿನಕ್ಕೆ ಹತ್ತಿರ ಹತ್ತಿರ ನಲವತ್ತು ಕಿಲೋಮೀಟರ್.

ಕಳೆದ ವರ್ಷ ಜೂನ್‌ನಲ್ಲಿ, ಜೋರು ಮಳೆಯ ಒಂದು ಸಂಜೆ, ಶಾಲೆಯ ಗೇಟಿನ ಮುಂದೆ ಕೀಲಿ ತಿರುಗಿಸಿದರೆ ಆ ಎರಡು ಸೆಕೆಂಡು ಬರಲೇ ಇಲ್ಲ. ಸೆಲ್ಫ್ ಹೊಡೆದರೆ ಇಂಜಿನ್ ತಿರುಗುತ್ತದೆ, ಹತ್ತುವುದಿಲ್ಲ. ಗಾಡಿ ನೋಡಲು ಬಂದ ಹುಡುಗ ಕೆಳಗೆ ಮಲಗಿ ಟ್ಯಾಂಕಿಗೆ ರಬ್ಬರ್ ಸುತ್ತಿಗೆಯಿಂದ ನಾಲ್ಕು ಏಟು ಕೊಟ್ಟ, ಪಂಪು ಎದ್ದಿತು. ಮನೆ ಸೇರಿದೆವು. ಮರುದಿನ ಮತ್ತೆ ಸತ್ತಿತು. ಹದಿನೇಳು ವರ್ಷ ನಡೆದ ಪಂಪು ಅದು. ಅದರ ಬಗ್ಗೆ ನನ್ನದೇನೂ ದೂರಿಲ್ಲ.

ಕಂಪನಿಯ ಪೂರ್ತಿ ಅಸೆಂಬ್ಲಿಗೆ ಐದು ಸಾವಿರದ ಹತ್ತಿರ ಹೇಳಿದರು. ಅದೇ ತಿಂಗಳು ಮಗಳ ಕಾಲೇಜು ಫೀಸು ಕಟ್ಟಬೇಕಿತ್ತು. ಹಾಗಾಗಿ ಅಂಗಡಿಯಲ್ಲಿ ಸಿಕ್ಕ ಬೇರೆ ಬ್ರಾಂಡಿನ ಪಂಪ್ ಮೋಟಾರನ್ನಷ್ಟೇ 1,350 ರೂಪಾಯಿಗೆ ತಗೊಂಡು, 800 ರೂಪಾಯಿ ಕೂಲಿಗೆ ಹಾಕಿಸಿದೆ. ನಾನು ಈ ವಿಮರ್ಶೆ ಬರೆಯುತ್ತಿರುವುದು ಆ ಮೋಟಾರಿನ ಬಗ್ಗೆ. ಬ್ರಾಂಡಿನ ಹೆಸರು ಬರೆಯುವುದಿಲ್ಲ. ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಹಾಕಿಸಿದ ದಿನವೇ ಸದ್ದು ಬೇರೆ ಅನ್ನಿಸಿತು. ಹಳೆಯದು ಗುಂಯ್ ಅಂದರೆ ಇದು ‘ಕೀಂಯ್’. ಹೊಸದು, ಪಳಗುತ್ತದೆ ಅಂದುಕೊಂಡೆ. ಪಳಗಲಿಲ್ಲ. ಮೊದಲೆಲ್ಲ ಕೀಲಿ ತಿರುಗಿಸಿದಾಗ ಮಾತ್ರ ಕೇಳುತ್ತಿದ್ದ ಸದ್ದು, ಓಡುವಾಗಲೂ ಕಿವಿಗೆ ಬೀಳತೊಡಗಿತು. ಒಂದು ಮಧ್ಯಾಹ್ನ ತೋಟದ ನಡುವೆ ರಸ್ತೆ ಬದಿ ನಿಲ್ಲಿಸಿ ಫೋನಿನಲ್ಲಿ ಮಾತಾಡುತ್ತಿದ್ದಾಗ ಜೀರುಂಡೆ ಕೂಗುತ್ತಿದೆ ಅಂದುಕೊಂಡೆ. ಇಂಜಿನ್ ಆಫ್ ಮಾಡಿದೆ, ಜೀರುಂಡೆಯೂ ನಿಂತಿತು. ಆವತ್ತಿನಿಂದ ನನಗೆ ಬೇರೆ ಏನೂ ಕೇಳಿಸದಂತಾಯಿತು. ರೇಡಿಯೋ ಹಾಕಿದರೂ ಅದರ ಅಡಿಯಲ್ಲಿ ಕೀಂಯ್. ಹಿಂದಿನ ಸೀಟಿನಲ್ಲಿ ಕೂತ ಅತ್ತೆ "ಇದೇನೇ ಕಾರಿನೊಳಗೆ ಸೊಳ್ಳೆ" ಅಂತ ಕಿಟಕಿ ಇಳಿಸಿದರು.

ದಸರಾ ರಜೆಯಲ್ಲಿ ಧರ್ಮಸ್ಥಳಕ್ಕೆ ಹೋಗಿದ್ದೆವು. ಹೋಗುವಾಗ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಇಳಿದದ್ದು ಸರಾಗ. ವಾಪಸ್ ಚಾರ್ಮಾಡಿ ಹತ್ತುವಾಗ ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಕಡಿಮೆ ಇತ್ತು. ಮಧ್ಯಾಹ್ನದ ಬಿಸಿಲು, ಎರಡನೇ ಗೇರು, ಒಂದೊಂದು ತಿರುವಿನಲ್ಲೂ ಪಂಪು ಚೀರುತ್ತಿತ್ತು. ಒಂದು ಕಡೆ ಆಕ್ಸಿಲರೇಟರ್ ಒತ್ತಿದರೂ ಗಾಡಿ ಒಂದು ಕ್ಷಣ ಉಸಿರು ಹಿಡಿದ ಹಾಗೆ ಮಾಡಿತು. ಹಿಂದೆ ಬಸ್ಸು, ಪಕ್ಕದಲ್ಲಿ ಕಣಿವೆ, ಕಾರಿನಲ್ಲಿ ನಾಲ್ಕು ಜನ. ಭಯವಾಯಿತು. ಆ ರಾತ್ರಿ ಮನೆಗೆ ಬಂದು ಈ ಪಂಪಿಗೆ ಒಂದೇ ಒಂದು ಸ್ಟಾರ್ ಕೊಟ್ಟು, ಯಾರೂ ಕೊಳ್ಳಬೇಡಿ ಅಂತ ಉದ್ದಕ್ಕೆ ಬರೆದಿಟ್ಟಿದ್ದೆ. ಹಾಕಲಿಲ್ಲ, ಅಷ್ಟೇ.

ಹಾಕಿಕೊಟ್ಟ ಮೆಕ್ಯಾನಿಕ್ ಹತ್ತಿರ ಹೋದರೆ "ಡೂಪ್ಲಿಕೇಟ್ ಪಂಪು ಹಿಂಗೇ ಟೀಚರ್, ಕಂಪನೀದೇ ಹಾಕ್ಸಿ" ಅಂದುಬಿಟ್ಟ. ನನಗೂ ಹಾಗೇ ಅನ್ನಿಸಿತ್ತು. ಬೇರೆ ದಾರಿ ತೋರಿಸಿದ್ದು ಮಾವ.

ನಮ್ಮದು ಮೂರೆಕರೆ ಕಾಫಿ. ಫೆಬ್ರವರಿ, ಮಾರ್ಚ್‌ನಲ್ಲಿ ಹೂವಿಗೆ ಸ್ಪ್ರಿಂಕ್ಲರ್ ಹೊಡೆಯಲು ಕೆರೆಗೆ ಪಂಪ್‌ಸೆಟ್ ಇಡುತ್ತೇವೆ. ಕೆರೆಯಲ್ಲಿ ಸಿಲ್ವರ್ ಓಕ್ ಎಲೆ ತುಂಬಿರುತ್ತದೆ. ಎಲೆ ನೀರೆಳೆಯುವ ಪೈಪಿನ ತುದಿಯ ಫುಟ್‌ವಾಲ್ವಿನ ಜಾಲರಿಗೆ ಮೆತ್ತಿಕೊಂಡರೆ ಪಂಪಿನ ಸದ್ದೇ ಬದಲಾಗುತ್ತದೆ. ಮಾವ ಮನೆಯ ಜಗುಲಿಯಲ್ಲಿ ಕೂತೇ "ಕಟ್ಟಿಕೊಂಡಿತು ನೋಡು" ಅಂತ ಆಳನ್ನು ಕಳಿಸುತ್ತಾರೆ. ಒಂದು ಬೆಳಿಗ್ಗೆ ನಾನು ಕೀಲಿ ತಿರುಗಿಸುವಾಗ ಅವರು ಶೆಡ್ಡಿನ ಹತ್ತಿರ ನಿಂತಿದ್ದರು. ಮತ್ತೊಂದು ಸಲ ತಿರುಗಿಸು ಅಂದರು. ಮೂರನೇ ಸಲಕ್ಕೆ ಹಿಂದಿನ ಬಾಗಿಲು ತೆಗೆದು, ಸೀಟಿಗೆ ಕಿವಿ ಕೊಟ್ಟು, "ಇದು ಫುಟ್‌ವಾಲ್ವ್ ಕಟ್ಟಿಕೊಂಡ ಸದ್ದು ಕಣಮ್ಮ. ಪಂಪು ಎಳೀತಿದೆ, ಎಣ್ಣೆ ಬರ್ತಿಲ್ಲ" ಅಂದರು.

ಕಾರಿನ ಪಂಪಿಗೂ ಫುಟ್‌ವಾಲ್ವಿನಂಥದ್ದೇ ಒಂದಿದೆ: ಕೆಳಗೆ ಬಾಯಿಗೆ ಸಿಕ್ಕಿಸಿರುವ ಜಾಲರಿ ಚೀಲ, ಸ್ಟ್ರೈನರ್ ಅನ್ನುತ್ತಾರೆ. ಅದು ಕಟ್ಟಿಕೊಂಡರೆ ಪಂಪಿನ ಬಾಯಿಯಲ್ಲಿ ಒತ್ತಡ ಇಳಿದು, ಮೊದಲೇ ಸುಲಭವಾಗಿ ಆವಿಯಾಗುವ ಪೆಟ್ರೋಲು ಅಲ್ಲೇ ಗುಳ್ಳೆಯಾಗುತ್ತದೆ. ಆ ಗುಳ್ಳೆಗಳು ಒಳಗೆ ಒಡೆಯುವುದೇ ಕೀರಲು ಸದ್ದು. ಬಿಸಿಲಿಗೆ ಇದು ಇನ್ನೂ ಹೆಚ್ಚು. ಪೆಟ್ರೋಲು ಕಡಿಮೆಯಿದ್ದರೆ ಪಂಪಿಗೆ ತಂಪೂ ಇಲ್ಲ. ಅದನ್ನು ತಂಪಾಗಿಡುವುದೂ, ಅದರ ಒಳಭಾಗಕ್ಕೆ ಜಾರು ಕೊಡುವುದೂ ಸುತ್ತಲಿನ ಪೆಟ್ರೋಲೇ. ಚಾರ್ಮಾಡಿಯಲ್ಲಿ ಆದದ್ದು ಆಗ ಅರ್ಥವಾಯಿತು.

ಆದರೆ ಆಲ್ಟೋದಲ್ಲಿ ಪಂಪು ನೋಡಬೇಕೆಂದರೆ ಇಡೀ ಟ್ಯಾಂಕ್ ಇಳಿಸಬೇಕು. ಸೀಟು ಎತ್ತಿ ಮುಚ್ಚಳ ಬಿಚ್ಚಿದರೆ ಸಾಕು ಅನ್ನುವ ಅನುಕೂಲ ಇದರಲ್ಲಿಲ್ಲ. ಮತ್ತೆ 800 ರೂಪಾಯಿ ಕೊಡುವ ಮೊದಲು ಖರ್ಚಿಲ್ಲದ್ದನ್ನೆಲ್ಲ ನೋಡಿಬಿಡೋಣ ಅಂತ ನಾನೂ ಮಗಳೂ ಒಂದು ಭಾನುವಾರ ಕೂತೆವು. ಮೊದಲು ಇಂಜಿನ್ ಓಡುತ್ತಿರುವಾಗ ಅವಳು ಟ್ಯಾಂಕಿನ ಮುಚ್ಚಳ ತೆಗೆದಳು. ಗಾಳಿದಾರಿ ಮುಚ್ಚಿಹೋಗಿ ಟ್ಯಾಂಕಿನೊಳಗೆ ನಿರ್ವಾತವಾಗಿದ್ದರೆ ‘ಹುಸ್’ ಅಂತ ಗಾಳಿ ಎಳೆದು ಸದ್ದು ಇಳಿಯಬೇಕು. ಏನೂ ಆಗಲಿಲ್ಲ, ಅಂದರೆ ಅದಲ್ಲ. ಆಮೇಲೆ ಅರ್ಧ ಟ್ಯಾಂಕ್ ತುಂಬಿಸಿ ಎರಡು ದಿನ ಓಡಿಸಿದೆ. ಸದ್ದು ಸ್ವಲ್ಪ ತಗ್ಗಿತು, ಹೋಗಲಿಲ್ಲ. ಮಾವನ ಮಾತಿಗೆ ಬಲ ಬಂತು.

ಜನವರಿಯಲ್ಲಿ ಕೊಯ್ಲಿನ ಗಡಿಬಿಡಿ ಇಳಿದ ಮೇಲೆ ಪೇಟೆಯಲ್ಲಿ ಬೇರೊಬ್ಬ ಮೆಕ್ಯಾನಿಕ್ ಹತ್ತಿರ ಹೋದೆ. ವಯಸ್ಸಾದವರು. ಅವರು ಮಾಡಿದ ಮೊದಲ ಕೆಲಸವನ್ನು ನಾನು ಮರೆಯುವುದಿಲ್ಲ. ಗಾಡಿಯನ್ನು ಎತ್ತಿ, ಸ್ಟ್ಯಾಂಡ್ ಕೊಟ್ಟು, ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಅದರ ತುದಿಯನ್ನು ಟ್ಯಾಂಕಿಗೆ, ಪಟ್ಟಿಗೆ, ಪೈಪಿಗೆ, ಫ್ಲೋರಿಗೆ ಒಂದೊಂದಾಗಿ ಮುಟ್ಟಿಸುತ್ತ ಹೋದರು. ಫ್ಲೋರಿನ ಒಂದು ಜಾಗದಲ್ಲಿ ನಿಂತು "ಬನ್ನಿ ಟೀಚರೇ, ಕೇಳಿ" ಅಂದರು. ಬಗ್ಗಿ ಕಿವಿ ಕೊಟ್ಟೆ. ಹಲ್ಲಿನೊಳಗೇ ಡ್ರಿಲ್ ಇಟ್ಟ ಹಾಗಿತ್ತು. ಅಲ್ಲಿ ಪೆಟ್ರೋಲ್ ಪೈಪು ನೇರವಾಗಿ ತಗಡಿಗೆ ತಾಗಿಕೊಂಡಿತ್ತು. ಹಿಂದೆ ಟ್ಯಾಂಕ್ ಇಳಿಸಿದವರು ಪೈಪು ಹಿಡಿಯುವ ರಬ್ಬರ್ ಕ್ಲಿಪ್ಪನ್ನು ವಾಪಸ್ ಹಾಕಿರಲಿಲ್ಲ. ಅವರು ಪೈಪನ್ನು ಎರಡು ಬೆರಳಲ್ಲಿ ಅರ್ಧ ಇಂಚು ಈಚೆಗೆ ಎಳೆದು ಹಿಡಿದರು. ಕಾರಿನೊಳಗಿನ ಸದ್ದು ಅರ್ಧಕ್ಕರ್ಧ ಇಳಿಯಿತು. ಬಿಟ್ಟರು, ಬಂತು. ಹಿಡಿದರು, ಹೋಯಿತು.

"ಇದರಲ್ಲಿ ಅರ್ಧ ಪಂಪಿನ ಸೌಂಡಲ್ಲ, ಬಾಡಿ ಸೌಂಡು. ಬಾಕಿ ಅರ್ಧ ಒಳಗಿದೆ" ಅಂದರು.

ಏಳು ತಿಂಗಳಿಂದ ನಾನು ಬೈಯುತ್ತಿದ್ದುದರ ಅರ್ಧ ಪಾಲು ಒಂದು ರಬ್ಬರ್ ಕ್ಲಿಪ್ಪಿಗೆ ಸೇರಬೇಕಾದದ್ದು! ಪಂಪಿನ ಮೇಲಿನ ಸಿಟ್ಟು ಅಲ್ಲೇ ಕರಗತೊಡಗಿತು.

ಟ್ಯಾಂಕ್ ಇಳಿಸುವ ಮೊದಲು ಗೇಜ್ ಹಾಕಿ ಒತ್ತಡ ನೋಡಿದರು. ಸುಮ್ಮನೆ ನಿಂತಿದ್ದಾಗ ಮೂರು ಬಾರ್ ಹತ್ತಿರ ಇತ್ತು, ರೇಸ್ ಮಾಡಿ ಹಿಡಿದರೆ ಮುಳ್ಳು ನಡುಗುತ್ತ ಕೆಳಗಿಳಿಯುತ್ತಿತ್ತು. ಪಂಪಿನ ಕನೆಕ್ಟರಿನಲ್ಲಿ ವೋಲ್ಟೇಜ್ ನೋಡಿದರು. ಬ್ಯಾಟರಿಯಲ್ಲಿ ಹದಿನಾಲ್ಕಿದ್ದರೆ ಇಲ್ಲಿ ಹನ್ನೆರಡೂ ಇರಲಿಲ್ಲ. ಅರ್ಥಿಂಗ್ ವೈರಿನ ತುದಿಗೆ ಮಲೆನಾಡಿನ ಮಳೆ ಹಸಿರು ಪಾಚಿಯಂಥ ಕಿಲುಬು ಹಿಡಿಸಿತ್ತು. ಉಜ್ಜಿ ಬಿಗಿ ಮಾಡಿದ ಮೇಲೆ ಹದಿಮೂರೂವರೆ ಬಂತು. ಇದರಿಂದ ಸದ್ದು ಹೋಗಲಿಲ್ಲ, ಆದರೆ ಬೆಳಗಿನ ಸ್ಟಾರ್ಟಿಂಗ್ ಚುರುಕಾಯಿತು.

ಇನ್ನು ಟ್ಯಾಂಕ್. ಪಂಪಿನ ಕನೆಕ್ಟರ್ ಕಿತ್ತು, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಪೈಪಿನ ಒತ್ತಡ ಖಾಲಿ ಮಾಡಿ, ಬ್ಯಾಟರಿ ಬಿಚ್ಚಿ, ಆಮೇಲಷ್ಟೇ ಪೈಪಿಗೆ ಕೈ ಹಾಕಿದರು. ಪಕ್ಕದಲ್ಲಿ ವೆಲ್ಡಿಂಗ್ ಮಾಡುತ್ತಿದ್ದವರನ್ನು ಅಷ್ಟು ಹೊತ್ತು ನಿಲ್ಲಿಸಿದರು. ಮನೆಯಲ್ಲೇ ಮಾಡಿಕೊಳ್ಳುತ್ತೇವೆ ಅನ್ನುವವರು ದಯವಿಟ್ಟು ಇಷ್ಟನ್ನಾದರೂ ಪಾಲಿಸಿ.

ಪಂಪು ಹೊರಬಂದಾಗ ನೋಡಿದೆ. ಮೋಟಾರು ಹೊಸದು, ಅದರ ಬಾಯಿಯಲ್ಲಿದ್ದ ಜಾಲರಿ ಚೀಲ ಮಾತ್ರ 2007ರದ್ದೇ. ಬಿಳಿಯಿರಬೇಕಾದದ್ದು ಕಾಫಿ ಸೋಸಿದ ಬಟ್ಟೆಯ ಬಣ್ಣವಾಗಿತ್ತು. ಬೆರಳಿಂದ ಒತ್ತಿದರೆ ಗಸಿಯಂಥ ಕಪ್ಪು ಮಡ್ಡಿ. ಟ್ಯಾಂಕಿನ ತಳದಲ್ಲೂ ಅದೇ ಮಡ್ಡಿ, ಜೊತೆಗೆ ಒಂದೆರಡು ನೀರಿನ ಗುಂಡು. ಈಗ ಬಂಕಿನಲ್ಲಿ ಸಿಗುವುದು ಎಥೆನಾಲ್ ಬೆರೆತ ಪೆಟ್ರೋಲು. ಎಥೆನಾಲ್ ಹಳೇ ಟ್ಯಾಂಕಿಗೆ ಅಂಟಿದ ಮಡ್ಡಿಯನ್ನು ಸಡಿಲಿಸುತ್ತದೆ, ತೇವವನ್ನೂ ಹೀರುತ್ತದೆ. ವರ್ಷಗಟ್ಟಲೆ ಅಂಟಿಕೊಂಡಿದ್ದದ್ದೆಲ್ಲ ಎದ್ದು ಬಂದು ಚೀಲಕ್ಕೆ ಮೆತ್ತಿಕೊಂಡಿತ್ತು. ಮಾವನಿಗೆ ಫೋಟೋ ಕಳಿಸಿದೆ. "ಸಿಲ್ವರ್ ಎಲೆ" ಅಂತಷ್ಟೇ ಉತ್ತರ ಬಂತು.

ಜಾಲರಿಗೆ 120 ರೂಪಾಯಿ. ಟ್ಯಾಂಕ್ ತೊಳೆದು, ಹೊಸ ಕ್ಲಿಪ್ ಹಾಕಿ, ಪೈಪು ತಾಗುವಲ್ಲಿ ಸೈಕಲ್ ಟ್ಯೂಬಿನ ತುಂಡು ಸುತ್ತಿ, ಎಲ್ಲ ಸೇರಿ 1,400 ಆಯಿತು. ತೆಗೆದ ಪೆಟ್ರೋಲನ್ನು ಸೋಸಿ, 2ಟಿ ಆಯಿಲ್ (ಟೂ-ಸ್ಟ್ರೋಕ್ ಇಂಜಿನ್ನಿನ ಎಣ್ಣೆ) ಬೆರೆಸಿ ಕಳೆ ಹೊಡೆಯುವ ಮಷಿನ್ನಿಗೆ ಬಳಸಿದೆವು.

ಅದಾಗಿ ಏಳು ತಿಂಗಳು. ಪಂಪಿನ ಒಟ್ಟು ಓಟ ಹದಿಮೂರು ಸಾವಿರ ಕಿಲೋಮೀಟರ್. ಈಗ ಕೀಲಿ ತಿರುಗಿಸಿದರೆ ಎರಡು ಸೆಕೆಂಡು ಕೇಳಿಸುತ್ತದೆ, ಹಳೆಯದಕ್ಕಿಂತ ತುಸು ಏರಿದ ಶ್ರುತಿಯಲ್ಲಿ. ಇಂಜಿನ್ ಹತ್ತಿದ ಮೇಲೆ ಕೇಳಿಸುವುದಿಲ್ಲ. ಏಪ್ರಿಲ್‌ನಲ್ಲಿ ಅದೇ ಚಾರ್ಮಾಡಿಯನ್ನು ಬಿಸಿಲಲ್ಲೇ ಹತ್ತಿದೆ, ಎಲ್ಲೂ ಉಸಿರು ಹಿಡಿಯಲಿಲ್ಲ. ಅದಕ್ಕೇ ಬ್ರಾಂಡಿನ ಹೆಸರು ಹಾಕಿ ಕೆಟ್ಟದ್ದು ಬರೆಯಲು ಮನಸ್ಸಿಲ್ಲ. ಒಳ್ಳೆಯದು ಅಂತ ಹೆಸರು ಹಾಕಲು ಇನ್ನೂ ಎರಡು ಮಳೆಗಾಲ ನೋಡಬೇಕು.

ನನ್ನ ಲೆಕ್ಕದಲ್ಲಿ ಐದಕ್ಕೆ ಮೂರೂವರೆ ಸ್ಟಾರ್. ಒಂದೂವರೆ ಕಡಿಮೆ ಮಾಡಿದ್ದು ಡಬ್ಬಿಗೆ: 120 ರೂಪಾಯಿಯ ಜಾಲರಿಯನ್ನು ಪಂಪಿನ ಜೊತೆಗೇ ಇಟ್ಟು ಮಾರದಿರುವುದು ಸರಿಯಲ್ಲ. ಬದಲಿಸಬೇಕು ಅಂತ ಡಬ್ಬಿಯ ಮೇಲೆ ಒಂದು ಸಾಲೂ ಇಲ್ಲ. ನೀವು ಪಂಪು ಕೊಳ್ಳುವುದಾದರೆ ಜಾಲರಿಯನ್ನೂ ಅಂಗಡಿಯಲ್ಲೇ ಕೇಳಿ ತಗೊಳ್ಳಿ, ಹಾಕುವವರ ಎದುರೇ ನಿಂತು ಹಾಕಿಸಿ. ಪಂಪು ಬದಲಿಸಲು ಹೋಗುವಾಗ ಟ್ಯಾಂಕ್ ತುಂಬಿಸಿಕೊಂಡು ಹೋಗಬೇಡಿ, ಇಳಿಸುವವರಿಗೆ ಕಷ್ಟ.

ನನ್ನ ಅಭ್ಯಾಸವೂ ಬದಲಾಗಿದೆ. ಲೀಟರಿಗೆ ನೂರು ದಾಟಿದ ಮೇಲೆ ಮುನ್ನೂರು, ಐನೂರು ಅಂತ ಹಾಕಿಸುತ್ತ ಯಾವಾಗಲೂ ರಿಸರ್ವ್ ಹತ್ತಿರವೇ ಓಡಿಸುತ್ತಿದ್ದೆ. ಈಗ ಸಂಬಳದ ದಿನ ಒಂದೇ ಸಲ ಎರಡು ಸಾವಿರದ್ದು ಹಾಕಿಸುತ್ತೇನೆ, ಮುಳ್ಳು ಕಾಲು ಟ್ಯಾಂಕಿಗೆ ಬಂದರೆ ಮತ್ತೆ ಐನೂರು. ತಿಂಗಳ ಖರ್ಚು ಅಷ್ಟೇ ಇದೆ.

ಮಾವ ಈಗಲೂ ಬೆಳಿಗ್ಗೆ ಶೆಡ್ಡಿನ ಹತ್ತಿರ ಲೋಟ ಹಿಡಿದು ನಿಂತಿರುತ್ತಾರೆ. ಕೀಲಿ ತಿರುಗಿಸಿ ನಾನು ಕಾಯುತ್ತೇನೆ, ಅವರೂ ಕಾಯುತ್ತಾರೆ. ಸದ್ದು ನಿಂತ ಮೇಲೆ ತಲೆಯಾಡಿಸಿ ತೋಟದ ಕಡೆ ಹೋಗುತ್ತಾರೆ. ಟ್ಯಾಂಕ್ ಹಿಡಿದಿರುವ ಪಟ್ಟಿಯ ಬೋಲ್ಟುಗಳಿಗೆ ತುಕ್ಕು ಹಿಡಿದಿದೆ ಅಂತ ಆ ಮೆಕ್ಯಾನಿಕ್ ಹೇಳಿದ್ದರು. ಈ ಮಳೆ ಮುಗಿಯುತ್ತಿದ್ದಂತೆ ಅವನ್ನು ಬದಲಿಸಬೇಕು.