ಚರ್ಮದ ವಾಸ್ಕುಲೈಟಿಸ್ ಇರುವ ಕಾಲಿಗೆ ಕಂಪ್ರೆಷನ್ ಸ್ಟಾಕಿಂಗ್ಸ್

ಕಾಲನ್ನು ಬಿಗಿಯಾಗಿ ಒತ್ತಿ ಹಿಡಿಯುವ ಈ ಸ್ಟಾಕಿಂಗ್ಸ್ ಬಗ್ಗೆ ಬರೆಯುವವರು ಹೆಚ್ಚಾಗಿ ವೆರಿಕೋಸ್ ವೇನ್ (ಕಾಲಿನ ರಕ್ತನಾಳ ಉಬ್ಬುವ ತೊಂದರೆ) ಇರುವವರು. ನನ್ನ ತೊಂದರೆ ಬೇರೆ, ವಾಸ್ಕುಲೈಟಿಸ್, ಅಂದರೆ ರಕ್ತನಾಳಗಳ ಉರಿಯೂತ. ಮೊಣಕಾಲಿನ ಕೆಳಗೆ ಕೆಂಪು, ನೇರಳೆ ಚುಕ್ಕೆಗಳು ಏಳುತ್ತವೆ. ಬೆರಳಾಡಿಸಿದರೆ ಉಬ್ಬು ಸಿಗುತ್ತದೆ. ಗಾಜಿನ ಲೋಟ ಒತ್ತಿ ಹಿಡಿದರೂ ಬಣ್ಣ ಮಾಸುವುದಿಲ್ಲ, ಯಾಕಂದ್ರೆ ಸಣ್ಣ ರಕ್ತನಾಳಗಳು ಉರಿಯೂತದಿಂದ ಹಾಳಾಗಿ ರಕ್ತ ಚರ್ಮದೊಳಗೆ ಸೋರಿರುತ್ತದೆ. ಇಂಥ ಚುಕ್ಕೆ ಕಂಡರೆ ಮೊದಲು ಡಾಕ್ಟರ ಹತ್ತಿರ ಹೋಗಿ, ಸ್ಟಾಕಿಂಗ್ಸ್ ಆಮೇಲೆ. ಚುಕ್ಕೆ ಹೊಸದಿರುವಾಗಲೇ, ಅಂದರೆ ಒಂದೆರಡು ದಿನದೊಳಗೆ ಬಯಾಪ್ಸಿ (ಪರೀಕ್ಷೆಗೆ ಚರ್ಮದ ಸಣ್ಣ ಚೂರು) ತೆಗೆದರೆ ಸರಿಯಾಗಿ ಗೊತ್ತಾಗುತ್ತದೆ. ಮೂತ್ರ ಪರೀಕ್ಷೆಯನ್ನಂತೂ ಬಿಡಲೇಬೇಡಿ. ಕಿಡ್ನಿಗೆ ಪೆಟ್ಟು ಬಿದ್ದರೆ ನೋವಿರುವುದಿಲ್ಲ, ಮೂತ್ರದಲ್ಲಿ ರಕ್ತ, ಪ್ರೋಟೀನ್ ಮಾತ್ರ ಕಾಣುತ್ತವೆ.

ನನ್ನ ಕಿಡ್ನಿ ಚೆನ್ನಾಗಿತ್ತು. ಹಾಗಾಗಿ ಡಾಕ್ಟರು ಮೊದಲು ಹೇಳಿದ್ದು ಕಾಲು ಎತ್ತಿಟ್ಟು ಮಲಗಲು ಮತ್ತು ಈ ಸ್ಟಾಕಿಂಗ್ಸ್ ಹಾಕಲು. ನಿಂತಾಗ ಕಾಲಿನ ಕೆಳಭಾಗದಲ್ಲಿ ರಕ್ತದ ಒತ್ತಡ ಜಾಸ್ತಿಯಾಗಿ ಹರಿವು ನಿಧಾನವಾಗುತ್ತದೆ. ಚುಕ್ಕೆಗಳು ಅಲ್ಲೇ ಹೆಚ್ಚು ಏಳುವುದಕ್ಕೆ ಅದೂ ಒಂದು ಕಾರಣ.

ನಾನು ಕೊಂಡಿದ್ದು ಮೊಣಕಾಲಿನವರೆಗೆ ಬರುವ, 20–30 ಎಂಎಂ ಎಚ್‌ಜಿ ಒತ್ತಡದ್ದು. ಹರಡಿನ ಹತ್ತಿರ ಬಿಗಿ, ಮೇಲೆ ಹೋದಂತೆ ಸಡಿಲ. ಸಂಜೆ ಹೊತ್ತಿಗೆ ಆಗುತ್ತಿದ್ದ ಊತ, ಆ ಭಾರ, ಇವು ನಿಜವಾಗಿ ಕಡಿಮೆಯಾದವು. ದಿನವಿಡೀ ನಿಂತು ಕೆಲಸ ಮಾಡುವ ನನಗೆ ಅದು ಸಣ್ಣ ವಿಷಯ ಅಲ್ಲ. ರೋಗವನ್ನು ಇದು ವಾಸಿ ಮಾಡುತ್ತದೆ ಅಂತ ಮಾತ್ರ ನಂಬಬೇಡಿ. ಚುಕ್ಕೆ ಪದೇ ಪದೇ ಬಂದರೆ ಕೋಲ್ಚಿಸಿನ್, ಡ್ಯಾಪ್ಸೋನ್‌ನಂಥ ಔಷಧ ಬೇಕಾಗಬಹುದು. ಹೊಸದಾಗಿ ಶುರುವಾದ ಯಾವುದೋ ಮಾತ್ರೆಯೇ ಕಾರಣವಾಗಿರಲೂಬಹುದು. ಅದನ್ನು ಡಾಕ್ಟರೇ ಹುಡುಕಬೇಕು.

ಹಾಕುವುದೇ ದೊಡ್ಡ ಕೆಲಸ. ಬೆಳಿಗ್ಗೆ ಹಾಸಿಗೆಯಿಂದ ಇಳಿಯುವ ಮೊದಲೇ, ಕಾಲು ಊದಿಕೊಳ್ಳದಿರುವಾಗ ಹಾಕಿದರೆ ಸಲೀಸು. ಒಳಗಿನ ಭಾಗವನ್ನು ಹಿಮ್ಮಡಿವರೆಗೆ ಹೊರಳಿಸಿ, ಪಾದ ತೂರಿಸಿ, ನಿಧಾನವಾಗಿ ಮೇಲೆಳೆಯಿರಿ. ರಬ್ಬರ್ ಕೈಗವಸು ಇದ್ದರೆ ಹಿಡಿತ ಚೆನ್ನಾಗಿರುತ್ತದೆ. ಉದ್ದ ಜಾಸ್ತಿ ಅಂತ ಮೇಲಿನ ಅಂಚನ್ನು ಸುಮ್ನೆ ಮಡಚಬೇಡಿ, ಅಲ್ಲಿ ದಾರ ಕಟ್ಟಿದಂತೆ ಬಿಗಿಯುತ್ತದೆ. ಅಂಚಿನಲ್ಲಿ ಸಿಲಿಕಾನ್ ಪಟ್ಟಿ ಇರುವುದು ನನ್ನ ಚರ್ಮಕ್ಕೆ ಹಿಡಿಸಲಿಲ್ಲ, ತುರಿಕೆ ಬಂತು. ಪಟ್ಟಿಯಿಲ್ಲದ್ದೇ ಒಳ್ಳೆಯದು.

ಅಳತೆ ಕೇಳದೆ, ಬರೀ ಚಪ್ಪಲಿ ಸೈಜ್ ನೋಡಿ ಕೊಡುವ ಕಡೆ ಕೊಳ್ಳಬೇಡಿ. ಹರಡು ಮತ್ತು ಮೀನಖಂಡದ ಸುತ್ತಳತೆ ಬೇಕೇ ಬೇಕು. ಚುಕ್ಕೆ ಒಡೆದು ಹುಣ್ಣಾಗಿದ್ದರೆ, ಕಾಲಿಗೆ ರಕ್ತ ಸರಿಯಾಗಿ ಬರುತ್ತಿಲ್ಲ ಎಂಬ ಅನುಮಾನವಿದ್ದರೆ, ಡಾಕ್ಟರು ಕಾಲಿನ ರಕ್ತದೊತ್ತಡ ಅಳೆದು ನೋಡುವವರೆಗೆ ಹಾಕಲೇಬೇಡಿ. ಹಾಕಿದ ಮೇಲೆ ಬೆರಳು ತಣ್ಣಗಾದರೆ, ಮರಗಟ್ಟಿದರೆ ತಕ್ಷಣ ತೆಗೆಯಿರಿ.

ರಾತ್ರಿ ಬಿಚ್ಚಿ, ಕೈಯಲ್ಲೇ ಒಗೆದು, ನೆರಳಲ್ಲಿ ಒಣಗಿಸುತ್ತೇನೆ. ಎಲಾಸ್ಟಿಕ್ ಕೆಲವು ತಿಂಗಳಲ್ಲಿ ಸಡಿಲವಾಗುತ್ತದೆ. ಎರಡು ಜೊತೆ ಕೊಂಡು ಬದಲಿಸುತ್ತಾ ಹಾಕಿ.